ಇಳಿಸು ಎಂದರೆ ಇಳಿಸುವ ಆಟ

ಅಂಜುವ ಮಗುವನ್ನು ಜಾತ್ರೆಯ ತೊಟ್ಟಿಲಿಗೆ ಹತ್ತಿಸಬೇಕೇ? ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರನ ಜಾತ್ರೆಯಿರಲಿ, ಇಟಗಿ ಭೀಮಾಂಬಿಕೆಯ ಜಾತ್ರೆಯಿರಲಿ, ಚೀಟಿ ಹರಿಸಿಕೊಂಡ ಮೇಲೆ ಹಿಂಜರಿಯುವ ಮಗು ಒಂದಾದರೂ ಕಾಣುತ್ತದೆ. ‘ಗಂಡಹುಡುಗ ಆಗಿ ಅಂಜತೀ ಏನೋ?’ ಎನ್ನುತ್ತಾನೆ ಸೋದರಮಾವ. ‘ಬ್ಯಾಡ, ಬಿದ್ದುಗಿದ್ದೀತು’ ಎಂದು ಅಜ್ಜಿ ಸೆರಗಿಗೆ ಎಳೆದುಕೊಳ್ಳುತ್ತಾಳೆ. ಮಗುವಿಗೇನು ಅನ್ನಿಸುತ್ತಿದೆ ಎಂದು ಇಬ್ಬರೂ ಕೇಳುವುದಿಲ್ಲ.

ಆ ಅಂಜಿಕೆಗೆ ಕಾರಣವಿದೆ. ತೊಟ್ಟಿಲು ತುದಿ ಮುಟ್ಟಿ ಇಳಿಯತೊಡಗಿದಾಗ ಕೂತ ಜಾಗವೇ ಕೆಳಗೆ ಸರಿಯುತ್ತದೆ, ಮೈ ಹಗುರಾಗಿ ಹೊಟ್ಟೆಯಲ್ಲಿ ಝುಂ ಎನ್ನುತ್ತದೆ. ಅದು ಗಳಿಗೆಯ ಮಾತೆಂದು ದೊಡ್ಡವರಿಗೆ ಗೊತ್ತು, ಮೊದಲ ಸಲ ಕೂತ ಮಗುವಿಗೆ ಗೊತ್ತಿಲ್ಲ. ವೇಗಕ್ಕಿಂತ ಹೆಚ್ಚು ಹೆದರಿಸುವುದು ನಿಲುಗಡೆ. ಕೆಳಗೆ ಜನ ಹತ್ತುವಷ್ಟು ಹೊತ್ತು ಮೇಲಿನ ತೊಟ್ಟಿಲು ಗಾಳಿಯಲ್ಲಿ ಓಲಾಡುತ್ತ ನಿಂತುಬಿಡುತ್ತದೆ. ಕೆಟ್ಟಿತೇನೋ ಎಂದು ಮಗು ಕಿರುಚುವುದು ಅಲ್ಲಿಯೇ. ‘ಮ್ಯಾಲೆ ಹೋದಮ್ಯಾಲೆ ಒಂದೀಟು ನಿಲ್ಲತೈತಿ, ಮತ್ತ ತಿರಗತೈತಿ’ ಎಂದು ಮೊದಲೇ ಹೇಳಿದ್ದರೆ ಅರ್ಧ ಭಯ ನೆಲದ ಮೇಲೆಯೇ ಉಳಿಯುತ್ತಿತ್ತು.

ಧೈರ್ಯ ಕಲಿಸುವ ಒಳ್ಳೆಯ ರೀತಿ ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ಇದೆ. ಪಂಚಮಿಗೆ ನರಗುಂದ, ರೋಣದ ಕಡೆ ಗಿಡಕ್ಕೋ ಮನೆಯ ತೊಲೆಗೋ ಹಗ್ಗ ಬಿಗಿದು ಜೋಕಾಲಿ ಕಟ್ಟುತ್ತಾರೆ. ಸಣ್ಣದು ಮೊದಲು ದೊಡ್ಡವರ ತೊಡೆಯ ಮೇಲೆ ಕೂರುತ್ತದೆ. ಆಮೇಲೆ ತಾನು ಹಲಗೆಯ ಮೇಲೆ ಕೂತರೆ ಅಕ್ಕ ನಿಂತು ಮೆಲ್ಲಗೆ ಜೀಕುತ್ತಾಳೆ. ‘ಸಾಕವ್ವಾ, ಇಳಸು’ ಎಂದರೆ ಇಳಿಸುತ್ತಾಳೆ. ಒಂದು ಉಂಡಿ ತಿಂದು ಮುಗಿಸುವಷ್ಟರಲ್ಲಿ ಅದೇ ಮಗು ಮತ್ತೆ ಹಗ್ಗ ಹಿಡಿದಿರುತ್ತದೆ. ಇಳಿಯುವ ಅಧಿಕಾರ ತನ್ನ ಕೈಯಲ್ಲಿದೆ ಎಂಬ ನಂಬಿಕೆಯೇ ಅದನ್ನು ಮತ್ತೆ ಹತ್ತಿಸುತ್ತದೆ.

ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ಹೇಳುತ್ತದೆ. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿನಿಸು ಕೊಟ್ಟು, ದೂರದಲ್ಲಿಟ್ಟ ಮೊಲವನ್ನು ಅವನು ತಾಳುವಷ್ಟೇ ಹತ್ತಿರಕ್ಕೆ ತರುತ್ತ ಹೋದರು. ಕೊನೆಗೆ ಅವನೇ ಅದನ್ನು ಮುಟ್ಟಿ ಆಡಿದ.

‘ಬಾವಿಗೆ ನೂಕಿದರೇ ಈಜು ಬರುವುದು’ ಎನ್ನುವವರಿದ್ದಾರೆ. ನೂಕಿಸಿಕೊಂಡು ಈಜು ಕಲಿತವರು ಆ ಕಥೆ ಹೇಳಲು ಉಳಿದಿದ್ದಾರೆ. ನೀರಿನ ಸಹವಾಸವನ್ನೇ ಬಿಟ್ಟವರು ಸುಮ್ಮನಿದ್ದಾರೆ. ಹಾಗೆಂದು ಒತ್ತಾಯವೇ ಕೂಡದು ಎಂದರೂ ತಪ್ಪಾದೀತು. ‘ನಾನೂ ಬಾಜೂಕ ಕುಂದರತೀನಿ, ಒಂದ ಸಲ ನೋಡೂಣು’ ಎನ್ನುವಷ್ಟು ಒತ್ತಾಸೆ ಬೇಕು. ಅತ್ತರೆ ಮೊಬೈಲಿನಲ್ಲಿ ಹಿಡಿದು ನಗುವುದು, ನೆರೆಮನೆಯ ಹುಡುಗಿಯೊಡನೆ ಹೋಲಿಸುವುದು ಬೇಡ. ಅವಮಾನಕ್ಕೆ ಅಂಜಿ ಹತ್ತಿದ ಮಗುವಿನಲ್ಲಿ ಮೊದಲಿನ ಅಂಜಿಕೆಯೂ ಹಾಗೆಯೇ ಇರುತ್ತದೆ.

ಯಂತ್ರದ ಆಟಕ್ಕೂ ಜೋಕಾಲಿಗೂ ಒಂದು ದೊಡ್ಡ ಅಂತರವಿದೆ. ಬಿಡದಿಯ ವಂಡರ್‌ಲಾದಂಥ ಪಾರ್ಕಿನಲ್ಲಿ ರೋಲರ್ ಕೋಸ್ಟರಿನ ಸರಳು ಎದೆಯ ಮೇಲೆ ಇಳಿದು ಬಂಡಿ ಹೊರಟಿತೆಂದರೆ ‘ಸಾಕು’ ಎಂಬ ಮಾತು ನಡೆಯದು. ಆದ್ದರಿಂದ ಒಪ್ಪಿಗೆ ನೆಲದ ಮೇಲೆಯೇ ಸಿಗಬೇಕು. ಅಲ್ಲಿ ಎತ್ತರ ಅಳೆದು ಬಿಡುತ್ತಾರೆ. ಮಗುವಿನ ಮನಸ್ಸು ಅಳೆಯುವುದು ಮಾತ್ರ ಜೊತೆಗಿದ್ದವರ ಕೆಲಸ. ಜಾತ್ರೆಯಲ್ಲಿ ಅಡ್ಡಸರಳು ಸರಿಯಾಗಿ ಬಿದ್ದಿದೆಯೇ, ಕೊಂಡಿ ಭದ್ರವೇ ಎಂದು ನೋಡುವುದೂ ಅವರದೇ. ‘ಇದು ಅಳ್ಳಾಡತೈತಿ’ ಎಂದು ಮಗು ಹೇಳಿದರೆ ಪುಕ್ಕಲು ಎನ್ನುವ ಮೊದಲು ಒಮ್ಮೆ ಅಲುಗಾಡಿಸಿ ನೋಡಬೇಕು.

ಶಾಲೆಯ ಪ್ರವಾಸದಲ್ಲಿ ಪಾರ್ಕಿಗೆ ಹೋದ ಮಗುವಿಗೆ ಇರುವುದು ಒಂದೇ ದಿನ. ತೆತ್ತ ಹಣದ ಭಾರ, ಗೆಳೆಯರ ಕಣ್ಣು ಎರಡೂ ಅದರ ಮೇಲಿರುತ್ತವೆ. ಜಾತ್ರೆ ಹಾಗಲ್ಲ, ವರ್ಷ ವರ್ಷ ಬರುತ್ತದೆ. ಈ ಸಲ ಕುದುರೆಯ ಮೇಲೆ ಸುತ್ತು ಹೊಡೆದವಳು ಬರುವ ಸಲ ತೊಟ್ಟಿಲು ಕೇಳಬಹುದು, ಕೇಳದಿರಲೂಬಹುದು. ‘ಮುಂದಿನ ಜಾತ್ರಿಗೆ ನೋಡೂಣು’ ಎಂದು ನಗುನಗುತ್ತ ಚೀಟಿಯನ್ನು ಇನ್ನೊಬ್ಬರ ಮಗುವಿಗೆ ಕೊಟ್ಟುಬಿಡುವ ಅಪ್ಪನಿಗೆ ಹೋಗುವುದು ಚೀಟಿಯ ರೊಕ್ಕವಷ್ಟೇ. ಬೇಡ ಎಂದರೆ ಮನೆಯಲ್ಲಿ ನಡೆಯುತ್ತದೆ ಎಂದು ಮಗಳಿಗೆ ಗೊತ್ತಾದರೆ, ಮುಂದೆ ಅವಳು ಹೂಂ ಎಂದಾಗ ಅದನ್ನು ನಂಬಬಹುದು.