ಸಣ್ಣವರಿಗೆ ಸಣ್ಣ ಲೆಕ್ಕ

ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದಲ್ಲಿ ಹದಿನೆಂಟು ಜನರಿದ್ದೇವೆ. ವಾರಕ್ಕೊಮ್ಮೆ ಸೇರಿದಾಗ ಮೊದಲ ಕೆಲಸ ಲೆಕ್ಕ ಓದುವುದು. ಎಷ್ಟು ಬಂತು, ಯಾರಿಗೆ ಎಷ್ಟು ಸಾಲ ಹೋಯಿತು, ಕೈಯಲ್ಲೆಷ್ಟು ಉಳಿಯಿತು. ಹೂ ಮಾರುವ ಅಜ್ಜಿಯೂ ಕಿವಿಗೊಟ್ಟು ಕೇಳುತ್ತಾಳೆ. ಅವಳ ದುಡ್ಡಲ್ಲವೇ?

ಇದನ್ನೇಕೆ ಹೇಳುತ್ತಿದ್ದೇನೆಂದರೆ, ಕೆಲವು ವರ್ಷಗಳ ಹಿಂದೆ ನಾನೊಂದು ಸಣ್ಣ ವಿಮಾನ ಕಂಪನಿಗೆ ಹಣ ಕಟ್ಟಿ ಕೈ ಸುಟ್ಟುಕೊಂಡೆ. ತಂಗಿಯ ಮಗಳ ಮದುವೆ. ಎಂಬತ್ತು ದಾಟಿದ ಅಮ್ಮನಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಲಾಗದು. ಎರಡು ತಿಂಗಳು ಮೊದಲೇ ಮೂರು ಟಿಕೆಟ್ ಕೊಂಡೆ. ಮದುವೆಗೆ ಒಂಬತ್ತು ದಿನವಿರುವಾಗ ಫೋನಿಗೆ ಒಂದು ಸಾಲಿನ ಸಂದೇಶ ಬಂತು, ಹಾರಾಟ ರದ್ದು. ಆಮೇಲೆ ಕಂಪನಿಯೇ ಮುಚ್ಚಿತು. ಹಣ ಇಂದಿಗೂ ಬಂದಿಲ್ಲ. ಅಮ್ಮ ಮೊಮ್ಮಗಳ ಮದುವೆ ನೋಡಲಿಲ್ಲ.

"ಹಣೆಬರಹ" ಎಂದರು ನಮ್ಮ ಯಜಮಾನರು. ಹಣೆಬರಹವಲ್ಲ, ಅದು ನಮಗೆ ಯಾರೂ ತೋರಿಸದ ಲೆಕ್ಕದ ಬರಹ!

ಕಾನೂನು ಏನು ಹೇಳುತ್ತದೆಂದು ಆಮೇಲೆ ಹುಡುಕಿ ಓದಿದೆ. ಇಂಡಿಗೊದಂತೆ ಷೇರುಪೇಟೆಯಲ್ಲಿರುವ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲಾಭ ನಷ್ಟ ಪ್ರಕಟಿಸಬೇಕು. ಷೇರುಪೇಟೆಗೆ ಬಾರದವು 2013ರ ಕಂಪನಿ ಕಾಯಿದೆಯಂತೆ ವರ್ಷಕ್ಕೊಮ್ಮೆ ರಿಜಿಸ್ಟ್ರಾರರಿಗೆ ಲೆಕ್ಕ ಸಲ್ಲಿಸಬೇಕು. ಮಾರ್ಚಿಗೆ ಮುಗಿದ ವರ್ಷದ ಲೆಕ್ಕವನ್ನು ಅಕ್ಟೋಬರ್ ಕೊನೆಗೆ ಕೊಟ್ಟರೂ ನಡೆಯುತ್ತದೆ. ಅಷ್ಟರಲ್ಲಿ ವಿಮಾನ ನಿಂತು, ಮದುವೆ ಮುಗಿದು, ಮದುಮಗಳು ಬಸುರಿಯೂ ಆಗಿರುತ್ತಾಳೆ! ಸಣ್ಣದೇನಲ್ಲದ ಗೋ ಫಸ್ಟ್ ಕೂಡ ಷೇರುಪೇಟೆಯ ಹೊರಗೇ ಇತ್ತು. 2023ರ ಮೇ 2ರಂದು ಅದು ದಿವಾಳಿ ಅರ್ಜಿ ಹಾಕಿದಾಗ ಬೇಸಿಗೆ ರಜೆಗೆ ಟಿಕೆಟ್ ಕೊಂಡವರು ದಿಕ್ಕುಗಾಣದೆ ನಿಂತರು. ದಿವಾಳಿಯಾದಾಗ ಅಡಮಾನ ಬರೆಸಿಕೊಂಡ ಬ್ಯಾಂಕು ಮುಂದೆ, ಬರೀ ನಂಬಿಕೆ ಇಟ್ಟವರು ಹಿಂದೆ.

ಇನ್ನು ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆ. 2017ರ ಏಪ್ರಿಲ್‌ನಲ್ಲಿ ಅದರ ಮೊದಲ ವಿಮಾನ ಹಾರಿತು. ಕಡಿಮೆ ದರದ ಸೀಟುಗಳ ನಷ್ಟ ತುಂಬಲು ಕಂಪನಿಗಳಿಗೆ ಮೂರು ವರ್ಷ ಸಹಾಯಧನ. ಅದರಲ್ಲಿ ರಾಜ್ಯ ಸರ್ಕಾರದ ಪಾಲೂ ಉಂಟು. ಎಂದರೆ ವಿಮಾನ ಹತ್ತದವಳ ತೆರಿಗೆಯೂ ಅದಕ್ಕೆ ಸೇರಿತು. ಫಲವೇನು? ಮಹಾಲೇಖಪಾಲರ 2023ರ ವರದಿ ನೋಡಿ. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112 ಮಾತ್ರ.

"ಸಣ್ಣ ಕಂಪನಿಗಳ ತಲೆಯ ಮೇಲೆ ಇನ್ನಷ್ಟು ಕಾಗದ ಹೊರಿಸಬೇಡಿ, ಬದುಕಲಿ ಬಿಡಿ" ಎನ್ನುವವರಿದ್ದಾರೆ. ಬದುಕಲಿ, ನಮ್ಮೂರಿಗೂ ವಿಮಾನ ಬೇಕು. ಆದರೆ ಅಮೆರಿಕದಲ್ಲಿ ಅರವತ್ತು ಸೀಟಿನೊಳಗಿನ ವಿಮಾನಗಳನ್ನು ನಿಗದಿತ ವೇಳೆಗೆ ಓಡಿಸುವ ಪುಟ್ಟ ಕಂಪನಿಗಳೂ ಮೂರು ತಿಂಗಳಿಗೊಮ್ಮೆ ಸಾರಿಗೆ ಇಲಾಖೆಗೆ ಹಣಕಾಸಿನ ಲೆಕ್ಕ ಕೊಡುತ್ತವೆ. ದೊಡ್ಡವರಿಗೆ 41ನೇ ನಮೂನೆ, ದೊಡ್ಡ ಕಂತೆ. ಸಣ್ಣವರಿಗೆ 298-ಸಿ ಎಂಬ ಚಿಕ್ಕ ನಮೂನೆ. ಒಂದನೇ ತರಗತಿಯ ಮಗುವಿಗೆ ಚಿಕ್ಕ ಪ್ರಶ್ನೆಪತ್ರಿಕೆ ಕೊಡುತ್ತೇವೆಯೇ ಹೊರತು ಪರೀಕ್ಷೆಯೇ ಬೇಡವೆನ್ನುತ್ತೇವೆಯೇ?

ನಾನು ಕೇಳುವುದು ನಾಲ್ಕೇ ಅಂಕಿ. ಕೈಯಲ್ಲಿರುವ ಹಣವೆಷ್ಟು? ಇನ್ನೂ ಹಾರಿಸದ ಟಿಕೆಟಿಗೆ ಜನರಿಂದ ಪಡೆದದ್ದೆಷ್ಟು? ಇಂಧನ, ಬಾಡಿಗೆ, ಸಂಬಳದ ಬಾಕಿ ಎಷ್ಟು? ಸರ್ಕಾರದಿಂದ ಬಂದದ್ದೆಷ್ಟು? ಮೂರು ತಿಂಗಳಿಗೊಮ್ಮೆ, ಟಿಕೆಟ್ ಮಾರುವ ಜಾಗದಲ್ಲೇ, ಕನ್ನಡದಲ್ಲೂ ಹಾಕಲಿ. ಇದನ್ನು ಬರೆಯಲಾಗದಷ್ಟು ಬಡ ಕಂಪನಿಗೆ ವಿಮಾನದ ರಿಪೇರಿಗೆ ದುಡ್ಡು ಎಲ್ಲಿಂದ ಬರಬೇಕು?

ಲೆಕ್ಕ ನೋಡಿದರೆ ಜನ ಹೆದರಿ ಟಿಕೆಟ್ ಕೊಳ್ಳುವುದಿಲ್ಲವಂತೆ. ಹೆದರಬೇಕಾದ ಲೆಕ್ಕವಾದರೆ ಹೆದರಲಿ! ಚೀಟಿ ನಡೆಸುವವನಿಂದಲೂ 1982ರ ಕಾಯಿದೆ ಮುಂಚಿತವಾಗಿ ಭದ್ರತೆ ಇಡಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮೊದಲೇ ನಮ್ಮ ದುಡ್ಡು ಕೈಗೆ ತೆಗೆದುಕೊಳ್ಳುವವನು ಲೆಕ್ಕವನ್ನಾದರೂ ತೋರಿಸಬೇಡವೇ?

ಸಂಘದಲ್ಲಿ ನನ್ನ ಕತೆ ಹೇಳಿದಾಗ ಹೂವಿನಜ್ಜಿ ಕೇಳಿದ್ದು ಒಂದೇ ಮಾತು: "ಅವ್ರು ವಾರದ ಲೆಕ್ಕ ಓದ್ತಿರ್ಲಿಲ್ವಾ ಟೀಚರಮ್ಮಾ?"