ದರ ಏರಿಕೆಗೆ ತಾರೀಖು ಇದೆ, ಸೇವೆ ಕೆಟ್ಟಿದ್ದಕ್ಕೆ ತಾರೀಖೇ ಇಲ್ಲ

ಸಂತೆ ದಿನ, ಮಧ್ಯಾಹ್ನದ ಹೊತ್ತು. ಗಿರಾಕಿ ಫೋನ್ ಮುಂದೆ ಹಿಡಿದು ‘ದುಡ್ಡು ಹೋಗಿದೆ, ನೋಡ್ಕೊಳ್ಳಿ’ ಅಂತಾರೆ. ಗಲ್ಲಾಪೆಟ್ಟಿಗೆ ಪಕ್ಕದ ಸ್ಪೀಕರ್ ಡಬ್ಬಿ ಮಾತ್ರ ಬಾಯಿ ಬಿಡೋದಿಲ್ಲ. ಕರೆಂಟ್ ಹೋಗಿ ಅರ್ಧ ಗಂಟೆ ಆಗಿದೆ, ಅದರ ಬೆನ್ನಿಗೇ ನೆಟ್‌ವರ್ಕ್ ಕೂಡ ಹೋಗಿದೆ. ಹಿಂದೆ ನಾಲ್ಕೈದು ಜನ ನಿಂತಿದ್ದಾರೆ. ನಂಬಿ ಸಾಮಾನು ಕೊಟ್ಟು ಕಳಿಸಬೇಕು, ಇಲ್ಲಾಂದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ. ಹೀಗೆ ಹೋದ ವ್ಯಾಪಾರ ಯಾವ ಬಿಲ್ಲಿನಲ್ಲೂ ಕಾಣೋದಿಲ್ಲ. ಆದರೆ ಕರೆಂಟ್ ಬಿಲ್, ರೀಚಾರ್ಜ್, ಸ್ಪೀಕರ್ ಡಬ್ಬಿಯ ಬಾಡಿಗೆ ಮೂರೂ ತಪ್ಪದೆ ಬರುತ್ತವೆ.

‘ರೇಟು ಜಾಸ್ತಿ ಆಗ್ತಾನೇ ಇದೆ, ಕೆಲಸ ಮಾತ್ರ ಕೆಡ್ತಾ ಇದೆ’ ಅನ್ನೋ ಮಾತು ಈಗ ತಾಲ್ಲೂಕಿನ ಪ್ರತಿ ಹೋಟೆಲ್ ಬೆಂಚಿನ ಮೇಲೂ ಕೇಳಿಬರುತ್ತೆ. ಇದರ ಮೊದಲ ಅರ್ಧಕ್ಕೆ ಪಕ್ಕಾ ದಾಖಲೆ ಇದೆ. ಎರಡನೇ ಅರ್ಧಕ್ಕೆ ಇಲ್ಲ. ಸಮಸ್ಯೆಯ ಬೇರು ಇರೋದು ಇಲ್ಲೇ.

ಏರಿಕೆಯ ಲೆಕ್ಕ

2024ರ ಜುಲೈ ಮೊದಲ ವಾರದಲ್ಲಿ ಖಾಸಗಿ ಮೊಬೈಲ್ ಕಂಪನಿಗಳು ಒಂದರ ಹಿಂದೊಂದು ದರ ಏರಿಸಿದವು. 2025ರ ಜನವರಿ 5ರಿಂದ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಬಸ್ ದರ ಶೇ 15ರಷ್ಟು ಜಾಸ್ತಿಯಾಯ್ತು. ಏಪ್ರಿಲ್ 1 ಬಂದಾಗ ಮೂರು ಏಟು ಒಟ್ಟಿಗೇ ಬಿತ್ತು: ನಂದಿನಿ ಹಾಲು ಲೀಟರ್‌ಗೆ 4 ರೂ., ಡೀಸೆಲ್ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕೆ, ವಿದ್ಯುತ್‌ಗೆ ಯೂನಿಟ್‌ಗೆ 36 ಪೈಸೆ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್.

ಬಿಡಿಬಿಡಿಯಾಗಿ ನೋಡಿದರೆ ಇವೆಲ್ಲ ಚಿಲ್ಲರೆ ಅನಿಸಬಹುದು. 40 ರೂ. ಇದ್ದ ಬಸ್ ಟಿಕೆಟ್ 46 ಆದರೆ ಹೋಗಿ ಬರೋಕೆ ದಿನಕ್ಕೆ 12 ರೂ., ತಿಂಗಳಿಗೆ 25 ದಿನ ಅಂದರೆ 300 ರೂ. ಹೆಚ್ಚು. ಶಕ್ತಿ ಯೋಜನೆಯಿಂದ ಮನೆಯ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಟಿಕೆಟ್ ಇಲ್ಲ, ಅದು ದೊಡ್ಡ ಉಳಿತಾಯವೇ. ಏರಿಕೆಯ ಭಾರ ಬಿದ್ದಿರೋದು ಉಳಿದವರ ಮೇಲೆ. ತಿಂಗಳಿಗೆ 150 ಯೂನಿಟ್ ಬಳಸೋ ಅಂಗಡಿಗೆ ಸರ್‌ಚಾರ್ಜ್ ಒಂದೇ 54 ರೂ. ಗೃಹಜ್ಯೋತಿ ಇರೋದು ಮನೆಗೆ, ಅಂಗಡಿ ಮೀಟರ್‌ಗಲ್ಲ.

ಏರಿಸಿದವರ ಬಳಿಯೂ ಕಾರಣ ಇದೆ. ಈ ಭಾಗದ ಬಸ್ ದರ 2020ರಿಂದ ಪರಿಷ್ಕರಣೆ ಆಗಿರಲಿಲ್ಲ. ಅಷ್ಟರಲ್ಲಿ ಡೀಸೆಲ್, ಸಂಬಳ ಎಲ್ಲಾ ಏರಿತ್ತು. ಹಾಲಿನ ಹೆಚ್ಚುವರಿ ಹಣ ಉತ್ಪಾದಕರಿಗೇ ಹೋಗುತ್ತೆ ಅಂತ ಸರ್ಕಾರ ಹೇಳಿತು, ತಾಲ್ಲೂಕಿನ ಅರ್ಧ ಮನೆಗಳು ಹಾಲು ಹಾಕೋ ಮನೆಗಳೇ. ಹಾಗಾಗಿ ‘ಯಾಕೆ ಏರಿಸಿದ್ರಿ’ ಅನ್ನೋದಕ್ಕಿಂತ ‘ಏರಿಸಿದ ಮೇಲೆ ಏನು ಕೊಟ್ರಿ’ ಅನ್ನೋದೇ ಕೇಳಬೇಕಾದ ಪ್ರಶ್ನೆ.

28 ದಿನದ ತಿಂಗಳು

ಮೊಬೈಲ್ ವಿಷಯ ತಗೊಳ್ಳಿ. ಜಿಯೋದಲ್ಲಿ ದಿನಕ್ಕೆ ಒಂದೂವರೆ ಜಿಬಿ ಕೊಡುವ 28 ದಿನದ ಪ್ಲ್ಯಾನ್ 239 ರೂ.ನಿಂದ 299 ರೂ. ಆಯ್ತು. 28 ದಿನ ಅಂದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಒಂದು ಫೋನಿಗೆ ವರ್ಷಕ್ಕೆ 3,107 ರೂ. ಇದ್ದದ್ದು 3,887 ರೂ. ಮನೆಯಲ್ಲಿ ನಾಲ್ಕು ಫೋನಿದ್ದರೆ ಏರಿಕೆಯೇ 3,120 ರೂ.

ದರ ಏರಿದ ಮೇಲೂ ಟವರ್ ಕರೆಂಟನ್ನೇ ನಂಬಿ ನಿಂತಿರುತ್ತೆ. ಕರೆಂಟ್ ಹೋದಾಗ ಅದನ್ನು ನಡೆಸೋದು ಬ್ಯಾಟರಿ, ಆಮೇಲೆ ಜನರೇಟರ್. ಬ್ಯಾಟರಿ ಹಳೆಯದಾಗಿದ್ದರೆ, ಜನರೇಟರ್‌ಗೆ ಡೀಸೆಲ್ ಹಾಕೋರು ಬರದಿದ್ದರೆ, ಸ್ವಲ್ಪ ಹೊತ್ತಿಗೇ ಸಿಗ್ನಲ್ ಸತ್ತುಹೋಗುತ್ತೆ. ಕರೆಂಟ್ ಹಿಂದೆಯೇ ನೆಟ್‌ವರ್ಕ್ ಹೋಗೋದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಟ್ರಾಯ್‌ನ 2024ರ ಹೊಸ ಗುಣಮಟ್ಟದ ನಿಯಮಗಳಲ್ಲಿ ಪರಿಹಾರದ ಮಾತೂ ಇದೆ. 24 ಗಂಟೆಗಿಂತ ಹೆಚ್ಚು ಸೇವೆ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ಓದೋಕೆ ಚೆನ್ನಾಗಿದೆ. ಆದರೆ ಅಲ್ಲಿ ಅಳತೆ ಜಿಲ್ಲೆಯದ್ದು. ಇಡೀ ಜಿಲ್ಲೆಯಲ್ಲಿ ಸೇವೆ ನಿಂತರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತೆ. ಒಂದು ಹೋಬಳಿಯ ಟವರ್ ಮೂರು ದಿನ ಮಲಗಿದರೆ ನಿಯಮದ ಕಣ್ಣಿಗೆ ಅದು ಬೀಳೋದೇ ಇಲ್ಲ. ತಾಲ್ಲೂಕಿನವರು ಜನಪ್ರತಿನಿಧಿಗಳ ಮೂಲಕ ಪ್ರಶ್ನೆ ಎತ್ತಬೇಕಾದ ಜಾಗ ಇದು.

ಗಡುವು ಇದೆ, ಕೇಳೋರಿಲ್ಲ

ಕರೆಂಟ್ ವಿಷಯದಲ್ಲಿ ನಿಯಮ ಇನ್ನೂ ಸ್ಪಷ್ಟ. ಕೆಇಆರ್‌ಸಿ ಸೇವಾ ಮಾನದಂಡದ ಪ್ರಕಾರ ಫ್ಯೂಸ್ ಹೋದ ದೂರನ್ನು ಪಟ್ಟಣದಲ್ಲಿ 6 ಗಂಟೆ, ಹಳ್ಳಿಯಲ್ಲಿ 24 ಗಂಟೆಯೊಳಗೆ ಸರಿಮಾಡಬೇಕು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ. ತಪ್ಪಿದರೆ ಗ್ರಾಹಕರಿಗೆ ಪರಿಹಾರ ಇದೆ. ಮೊತ್ತ ದೊಡ್ಡದಲ್ಲ, ಆದರೆ ಒಂದು ಸಲ ಕೊಟ್ಟರೂ ತಪ್ಪು ಆಗಿದೆ ಅನ್ನೋದಕ್ಕೆ ಅದು ದಾಖಲೆ.

ಆದರೆ ಆಗೋದೇನು? ಕರೆಂಟ್ ಹೋದರೆ ಪರಿಚಯದ ಲೈನ್‌ಮನ್‌ಗೆ ಫೋನ್ ಹೋಗುತ್ತೆ. ಪಾಪ, ಅವರೂ ಹತ್ತಾರು ಹಳ್ಳಿ ನೋಡಬೇಕು. ಬಂದು ಸರಿಮಾಡಿ ಹೋಗ್ತಾರೆ. ಕೆಲಸವೇನೋ ಆಯ್ತು, ಆದರೆ ದೂರು ಎಲ್ಲೂ ದಾಖಲಾಗಲಿಲ್ಲ. ಕಾಗದದ ಮೇಲೆ ಆ ಊರಲ್ಲಿ ಕರೆಂಟ್ ಹೋಗಿಯೇ ಇಲ್ಲ! ಬಸ್ಸಿನ ಕಥೆಯೂ ಇದೇ. ಸಂಜೆ ಟ್ರಿಪ್ ಬರಲಿಲ್ಲ ಅಂತ ಸ್ಟ್ಯಾಂಡಲ್ಲಿ ಒಂದು ಗಂಟೆ ಬೈದು, ಆಟೋ ಹಿಡಿದು ಮನೆಗೆ ಹೋದವರು ಮರುದಿನ ಡಿಪೋಗೆ ಒಂದು ಚೀಟಿ ಬರೆಯೋದಿಲ್ಲ.

ಇಲ್ಲೇ ತಕ್ಕಡಿ ಒಂದು ಕಡೆ ವಾಲೋದು. ವಿದ್ಯುತ್ ದರ ಏರಿಸಬೇಕಾದರೆ ಎಸ್ಕಾಂಗಳು ಖರ್ಚಿನ ಪ್ರತಿ ಪೈಸೆಗೂ ಕಾಗದ ಇಟ್ಟು ಆಯೋಗದ ಮುಂದೆ ಹೋಗ್ತವೆ. ಆಯೋಗ ಸಾರ್ವಜನಿಕರ ಆಕ್ಷೇಪಣೆಯನ್ನೂ ಕರೆಯುತ್ತೆ. ಅಲ್ಲಿಗೆ ‘ಕರೆಂಟ್ ಸರಿಯಾಗಿ ಕೊಡ್ತಿಲ್ಲ’ ಅಂತ ಬಾಯಿಮಾತಲ್ಲಿ ಹೇಳಿದರೆ ತೂಕ ಬರೋದಿಲ್ಲ. ‘ಈ ಫೀಡರ್‌ನಲ್ಲಿ ಆರು ತಿಂಗಳಲ್ಲಿ ಇಷ್ಟು ದಿನ, ಇಷ್ಟು ಗಂಟೆ ಹೋಗಿದೆ, ದೂರು ಸಂಖ್ಯೆ ಇವು’ ಅಂದರೆ ಉತ್ತರ ಕೊಡಲೇಬೇಕಾಗುತ್ತೆ.

ಮಾಡಬಹುದಾದದ್ದು

ಕರೆಂಟ್ ಹೋದರೆ ಲೈನ್‌ಮನ್‌ಗೆ ಹೇಳೋದರ ಜೊತೆಗೆ 1912ಕ್ಕೂ ಕರೆ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಜಿಲ್ಲಾ ಮಟ್ಟದ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ. ಮೊಬೈಲ್‌ಗೆ 198. ಅಲ್ಲಿ ಕೊಡುವ ಡಾಕೆಟ್ ಸಂಖ್ಯೆ ಇಟ್ಟುಕೊಂಡರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. 30 ದಿನದ ಪ್ಲ್ಯಾನ್ ಒಂದಾದರೂ ಇರಲೇಬೇಕು ಅಂತ ಟ್ರಾಯ್ 2022ರಲ್ಲೇ ಹೇಳಿದೆ. ಡೇಟಾ ಬೇಡದ ಹಿರಿಯರಿಗೆ ಕರೆ, ಎಸ್‌ಎಂಎಸ್ ಮಾತ್ರ ಇರುವ ಪ್ಲ್ಯಾನ್‌ಗಳೂ 2025ರಿಂದ ಬಂದಿವೆ. ರೀಚಾರ್ಜ್ ಮಾಡಿಸುವಾಗ ಕೇಳಿ ನೋಡಿ. ತಾಲ್ಲೂಕು ಕಚೇರಿಯ ಸಕಾಲ ಸೇವೆಗಳಲ್ಲೂ ಅಷ್ಟೇ: ಗಡುವು ಮೀರಿದರೆ ದಿನಕ್ಕೆ 20 ರೂ., ಗರಿಷ್ಠ 500 ರೂ. ಪರಿಹಾರ ಕೇಳುವ ಹಕ್ಕು ಕಾಯ್ದೆಯಲ್ಲೇ ಇದೆ. ಸ್ವೀಕೃತಿ ಚೀಟಿ ಇರಬೇಕು, ಅಷ್ಟೇ.

ಒಬ್ಬೊಬ್ಬರೇ ಮಾಡೋದು ಕಷ್ಟ. ಆದರೆ ಅಂಗಡಿಯವರಿಗೆ ಲೆಕ್ಕ ಬರೆಯೋದು ಹೊಸತಲ್ಲ. ದಿನಾ ರಾತ್ರಿ ಉದ್ರಿ ಬರೆಯೋ ಪುಸ್ತಕದಲ್ಲೇ ಹಿಂದಿನಿಂದ ಒಂದು ಹಾಳೆ ತೆಗೆದು, ಕರೆಂಟ್ ಎಷ್ಟೊತ್ತಿಗೆ ಹೋಯ್ತು, ಎಷ್ಟೊತ್ತಿಗೆ ಬಂತು, ನೆಟ್‌ವರ್ಕ್ ಎಷ್ಟು ಹೊತ್ತು ಇರಲಿಲ್ಲ ಅಂತ ಬರೆದಿಟ್ಟರೆ ಸಾಕು. ಒಂದೇ ಬೀದಿಯ ಹತ್ತು ಅಂಗಡಿಯ ಪುಸ್ತಕ ಒಂದೇ ಮಾತು ಹೇಳಿದರೆ, ಮುಂದಿನ ಸಲ ದರ ಏರಿಸೋಕೆ ಬಂದವರು ಅದನ್ನೂ ಓದಬೇಕಾಗುತ್ತೆ.