ಟಿಕೆಟ್ ಯಂತ್ರಕ್ಕೆ ಬೀಗ: ಕೀಲಿಕೈ ಯಾರ ಬಳಿ?

ಕೋಲಾರ: ಸಾರಿಗೆ ಸಂಸ್ಥೆಯ ಬಸ್ ನಿರ್ವಾಹಕರ ಕೈಯಲ್ಲಿರುವ ಯಂತ್ರ ಈಗ ಬರೀ ಟಿಕೆಟ್ ಮುದ್ರಿಸುವ ಸಾಧನವಾಗಿ ಉಳಿದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಿತು. ಅಂದಿನಿಂದ ಮಹಿಳೆಯರಿಗೆ ನೀಡುವ ಪ್ರತಿಯೊಂದು ಶೂನ್ಯ ದರದ ಟಿಕೆಟ್, ಸರ್ಕಾರ ನಿಗಮಕ್ಕೆ ಭರಿಸಬೇಕಾದ ಹಣದ ದಾಖಲೆಯೂ ಆಗಿದೆ. 2025ರ ಜುಲೈ ವೇಳೆಗೆ ನಾಲ್ಕು ಸಾರಿಗೆ ನಿಗಮಗಳು ನೀಡಿದ ಇಂತಹ ಟಿಕೆಟ್‌ಗಳ ಸಂಖ್ಯೆ 500 ಕೋಟಿ ದಾಟಿತು. ಇಷ್ಟು ದೊಡ್ಡ ಸಾರ್ವಜನಿಕ ಲೆಕ್ಕಕ್ಕೆ ಮೂಲಾಧಾರ ಅಂಗೈಯಗಲದ ಈ ಯಂತ್ರ.

2024ರ ನವೆಂಬರ್‌ನಲ್ಲಿ ಕೆಎಸ್‌ಆರ್‌ಟಿಸಿ ಬಸ್‌ಗಳಲ್ಲಿ ಯುಪಿಐ ಪಾವತಿ ಆರಂಭವಾಯಿತು. ಇದರೊಂದಿಗೆ ಆಂಡ್ರಾಯ್ಡ್ ಆಧಾರಿತ ಯಂತ್ರಗಳು ಬಂದವು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಪ್ರಯಾಣಿಕರಿಗೆ ಚಿಲ್ಲರೆಯ ಜಗಳ ತಪ್ಪಿತು ಎಂಬುದು ನಿಜ. ಆದರೆ ತಂತ್ರಜ್ಞಾನದ ದೃಷ್ಟಿಯಿಂದ ಬದಲಾವಣೆ ಇನ್ನೂ ಆಳವಾದುದು. ಹಳೆಯ ಯಂತ್ರಕ್ಕೆ ಟಿಕೆಟ್ ನೀಡುವುದರ ಹೊರತು ಬೇರೇನೂ ತಿಳಿದಿರಲಿಲ್ಲ. ಆಂಡ್ರಾಯ್ಡ್ ಯಂತ್ರವಾದರೋ ಮೂಲತಃ ಒಂದು ಮೊಬೈಲ್ ಫೋನ್. ತಡೆಯದಿದ್ದರೆ ಅದರಲ್ಲಿ ಆಟ ಆಡಬಹುದು, ಅನ್ಯ ಆ್ಯಪ್ ಹಾಕಬಹುದು, ಗಡಿಯಾರವನ್ನು ಹಿಂದೆ ಮುಂದೆ ಮಾಡಬಹುದು.

ಬೀಗ ಹಾಕುವ ಬಗೆ

ಆದ್ದರಿಂದಲೇ ಇಂತಹ ಯಂತ್ರಗಳಿಗೆ 'ಬೀಗ' ಅನಿವಾರ್ಯ. 2014ರಲ್ಲಿ ಬಂದ ಆಂಡ್ರಾಯ್ಡ್ 5.0 ಆವೃತ್ತಿಯಿಂದಲೇ, ಸಂಸ್ಥೆ ಅನುಮತಿಸಿದ ಆ್ಯಪ್‌ನಿಂದ ಬಳಕೆದಾರ ಹೊರಬರದಂತೆ ತಡೆಯುವ ಸೌಲಭ್ಯವಿದೆ. ಯುಎಸ್‌ಬಿ ಮೂಲಕ ಮಾಹಿತಿ ಸಾಗಿಸುವುದನ್ನು ನಿರ್ಬಂಧಿಸುವುದು, ದಿನಾಂಕ ಬದಲಿಸದಂತೆ ಮಾಡುವುದು, ಕಳೆದುಹೋದ ಯಂತ್ರವನ್ನು ದೂರದಿಂದಲೇ ನಿಷ್ಕ್ರಿಯಗೊಳಿಸುವುದು ಇವೆಲ್ಲ ಕೇಂದ್ರ ನಿರ್ವಹಣಾ ತಂತ್ರಾಂಶದಿಂದ ಸಾಧ್ಯ. ದೂಳು, ಮಳೆ, ಪೆಟ್ಟು ತಾಳುವ ಗಟ್ಟಿ ಕವಚ ಯಂತ್ರದ ದೇಹವನ್ನು ಕಾಯುತ್ತದೆ. ಲೆಕ್ಕವನ್ನು ಕಾಯುವುದು ಈ ಬೀಗ.

ಪ್ರಶ್ನೆ ಇರುವುದು ಬೀಗದಲ್ಲಲ್ಲ, ಕೀಲಿಕೈಯಲ್ಲಿ. ಯಂತ್ರ ಕೈಕೊಟ್ಟಾಗ ಬಸ್ಸಿನಲ್ಲಿ ನಿಂತಿರುವವರು ನಿರ್ವಾಹಕರೇ ಹೊರತು ತಂತ್ರಾಂಶ ಪೂರೈಸಿದ ಕಂಪನಿಯಲ್ಲ. ತನಿಖಾ ಸಿಬ್ಬಂದಿ ಬಸ್ ಹತ್ತಿದಾಗ ಟಿಕೆಟ್ ಇಲ್ಲದ ಪ್ರಯಾಣಿಕ ಕಂಡರೆ ಉತ್ತರ ಹೇಳಬೇಕಾದವರೂ ಅವರೇ. ನಂಗಲಿ ಗಡಿಯ ಕಡೆಗೆ ಸಾಗುವ ಬಸ್ಸಿನಲ್ಲಿ ನೆಟ್‌ವರ್ಕ್ ಕಡಿದುಹೋದರೂ ಯಂತ್ರ ಟಿಕೆಟ್ ನೀಡುತ್ತಲೇ ಇದ್ದು, ಸಂಪರ್ಕ ಸಿಕ್ಕೊಡನೆ ಲೆಕ್ಕ ರವಾನಿಸುವಂತಿರಬೇಕು.

ನರಸಾಪುರದ ಪಾಠ

ಯಂತ್ರದ ಲೆಕ್ಕ ತಪ್ಪಿದರೆ ದುಡಿಯುವವರಿಗೆ ಏನಾಗುತ್ತದೆ ಎಂಬುದಕ್ಕೆ ಈ ಜಿಲ್ಲೆ ದೂರ ಹೋಗಬೇಕಾಗಿಲ್ಲ. ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್ 12ರಂದು ನಡೆದ ಹಿಂಸಾಚಾರಕ್ಕೆ ವೇತನ ಹಾಗೂ ದುಡಿಮೆಯ ಅವಧಿಯ ಲೆಕ್ಕದಲ್ಲಿನ ಗೊಂದಲವೇ ಹಿನ್ನೆಲೆಯಾಗಿತ್ತು. ಕಾರ್ಖಾನೆಗಳ ಇಲಾಖೆಯ ಪ್ರಾಥಮಿಕ ವರದಿಯೂ ಹಾಜರಾತಿ ವ್ಯವಸ್ಥೆಯ ದೋಷದತ್ತ ಬೊಟ್ಟು ಮಾಡಿತ್ತು. ಹಿಂಸೆ ಸಮರ್ಥನೀಯವಲ್ಲ. ಆದರೆ ತನ್ನ ದುಡಿಮೆಯ ದಾಖಲೆ ತನಗೇ ಕಾಣದ ಸ್ಥಿತಿ ಅಪನಂಬಿಕೆಯನ್ನು ಬೆಳೆಸುತ್ತದೆ ಎಂಬ ಪಾಠ ಅಲ್ಲಿದೆ.

ಈ ಪಾಠ ಟಿಕೆಟ್ ಯಂತ್ರಕ್ಕೂ ಅನ್ವಯಿಸುತ್ತದೆ. ಯಂತ್ರ ಯಾವ ಹೊತ್ತಿಗೆ ಸ್ಥಗಿತಗೊಂಡಿತು, ಯಾವಾಗ ಮರಳಿ ಚಾಲನೆಗೊಂಡಿತು, ಯಾರು ದೂರದಿಂದ ಅದರೊಳಗೆ ಪ್ರವೇಶಿಸಿದರು ಎಂಬ ವಿವರ ತಾನಾಗಿಯೇ ದಾಖಲಾಗಬೇಕು. ಇಲಾಖಾ ವಿಚಾರಣೆ ಎದುರಿಸುವ ನಿರ್ವಾಹಕರಿಗೆ ಅದರ ಪ್ರತಿ ದೊರೆಯಬೇಕು. ಡಿಪೊದಲ್ಲಿ ಬದಲಿ ಯಂತ್ರ, ಚೀಲದಲ್ಲಿ ಮುದ್ರಿತ ಟಿಕೆಟ್ ಕಟ್ಟು ಸದಾ ಸಿದ್ಧವಿರಬೇಕು. ನಿರ್ವಹಣೆಯನ್ನು ಹೊರಗುತ್ತಿಗೆಗೆ ಕೊಟ್ಟರೂ ಕೀಲಿಕೈ ಹಾಗೂ ಮಾಹಿತಿಯ ಒಡೆತನ ನಿಗಮದ ಬಳಿಯೇ ಉಳಿಯಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂದಿದ್ದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿವೆ. ಹಾಗಾಗಿ ಪಾವತಿ ಮಾಹಿತಿಯ ಹೊಣೆಗಾರಿಕೆಯನ್ನು ಗುತ್ತಿಗೆದಾರರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಸೋರಿಕೆ ತಡೆಯಲು ಬೀಗ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆ ಬೀಗ ನಿಗಮದ ಬೊಕ್ಕಸದೊಂದಿಗೆ ಪ್ರಾಮಾಣಿಕ ನಿರ್ವಾಹಕರ ನೌಕರಿಯನ್ನೂ ಕಾಯುವಂತೆ ನೋಡಿಕೊಳ್ಳುವುದು ಆಡಳಿತದ ಕರ್ತವ್ಯ.